ಸಿಹಿಗೆ ನೆಪ ಬೇಕೆ?

ಹೋಳಿಗೆ ಬಡಿಸುವವರು ಅದರ ಪರವಾಗಿ ವಾದ ಹೂಡುವುದಿಲ್ಲ. ತುಪ್ಪ ಬೇಕೆ, ಹಾಲು ಬೇಕೆ ಎಂದಷ್ಟೇ ಕೇಳುತ್ತಾರೆ. ಓವನ್ನಿನಲ್ಲಿ ಬೇಯಿಸಿದ ಓಟ್ಸ್ ಮತ್ತು ಹಣ್ಣಿನ ಬಾರ್ ಮಾತ್ರ ಹಾಗೆ ಬರಿಗೈಯಲ್ಲಿ ಬರುವುದಿಲ್ಲ. ಇದರಲ್ಲಿ ನಾರಿನಂಶವಿದೆ, ಸಕ್ಕರೆಗಿಂತ ಖರ್ಜೂರವೇ ಹೆಚ್ಚು, ಅಂಗಡಿಯದಲ್ಲ, ಮನೆಯದು ಎಂಬ ಸಮರ್ಥನೆಯೊಂದನ್ನು ಅಂಟಿಸಿಕೊಂಡೇ ತಟ್ಟೆಗಿಳಿಯುತ್ತದೆ. ಅಮೆರಿಕ, ಕೆನಡಾ, ಬ್ರಿಟನ್ನಿನ ಅಡುಗೆಮನೆಗಳಲ್ಲಿ ಬೆಳೆದ ಈ ತಿನಿಸು ಈಗ ಬೆಂಗಳೂರು, ಮಂಗಳೂರಿನ ಮನೆಗಳಿಗೂ ಬಂದಿದೆ. ಬರುವಾಗ ಸಮರ್ಥನೆಯನ್ನೂ ಹೊತ್ತು ತಂದಿದೆ. ಇಲ್ಲಿ ಅದಕ್ಕೆ 'ಸಕ್ಕರೆ ಹಾಕಿಲ್ಲ, ಬರೀ ಬೆಲ್ಲ' ಎಂಬ ಸಾಲೂ ಸೇರಿಕೊಂಡಿದೆ. ಮೇಲ್ನೋಟಕ್ಕೆ ಇದೆಲ್ಲ ಪೌಷ್ಟಿಕಾಂಶದ ಮಾತು. ಒಳಗಿರುವುದು ಧರ್ಮಚಿಂತನೆಯ ಬಹಳ ಹಳೆಯ ಪ್ರಶ್ನೆ: ನಾಲಿಗೆಯ ಸುಖ ತನ್ನಷ್ಟಕ್ಕೆ ಒಪ್ಪತಕ್ಕದ್ದೇ, ಇಲ್ಲವೇ ಇನ್ನಾವುದೋ ಸದ್ಗುಣದ ಬೆನ್ನ ಹಿಂದೆ ಅಡಗಿಯೇ ಬರಬೇಕೇ? ನೆಪವಿಲ್ಲದೆಯೇ ಒಪ್ಪತಕ್ಕದ್ದು ಎಂಬುದು ನನ್ನ ವಾದ. ಸಿಹಿಯಲ್ಲಿ ನೈತಿಕ ದೋಷವೇನಾದರೂ ಇದ್ದರೆ ಅದರ ಬಹುಪಾಲು ಈ ನೆಪದಲ್ಲೇ ಇದೆ ಎಂದೂ ಹೇಳಬೇಕಾಗುತ್ತದೆ.

ಮೊದಲು ವಸ್ತುವನ್ನೇ ಹತ್ತಿರದಿಂದ ನೋಡೋಣ. ಸಾಮಾನ್ಯವಾದ ಒಂದು ಅಳತೆ ಹೀಗಿರುತ್ತದೆ: 200 ಗ್ರಾಂ ಓಟ್ಸ್, 150 ಗ್ರಾಂ ಹಿಟ್ಟು, 200 ಗ್ರಾಂ ಬೆಣ್ಣೆ, 150 ಗ್ರಾಂ ಕಂದು ಸಕ್ಕರೆ, 250 ಗ್ರಾಂ ಖರ್ಜೂರ. ಖರ್ಜೂರವನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ ಮಸೆದುಕೊಳ್ಳಬೇಕು. ಓಟ್ಸ್, ಹಿಟ್ಟು, ಸಕ್ಕರೆಗೆ ಬೆಣ್ಣೆ ಸೇರಿಸಿ, ಬೆರಳ ತುದಿಯಿಂದ ಉಜ್ಜಿ, ಪುಡಿಪುಡಿಯಾದ ಮಿಶ್ರಣದಲ್ಲಿ ಅರ್ಧವನ್ನು ತಟ್ಟೆಯ ತಳಕ್ಕೆ ಒತ್ತಬೇಕು. ನಡುವೆ ಹಣ್ಣು, ಮೇಲೆ ಉಳಿದರ್ಧ. 180 ಡಿಗ್ರಿಯಲ್ಲಿ ಅರ್ಧ ಗಂಟೆ ದಾಟಿದ ಮೇಲೆ ಅಂಚು ಕೆಂಪೇರುತ್ತದೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು, ಇಲ್ಲವಾದರೆ ಉದುರಿಹೋಗುತ್ತದೆ. ಹದಿನಾರು ತುಂಡು ಮಾಡಿದರೆ ಒಂದೊಂದರಲ್ಲಿ ಹನ್ನೆರಡೂವರೆ ಗ್ರಾಂ ಬೆಣ್ಣೆ, ಒಂಬತ್ತು ಗ್ರಾಂ ದಾಟಿದ ಸಕ್ಕರೆ, ಒಟ್ಟು ಸುಮಾರು 250 ಕ್ಯಾಲೊರಿ. ಓಟ್ಸ್ ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೆ ಆಧಾರವಿಲ್ಲದಿಲ್ಲ: ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ಕೊಲೆಸ್ಟರಾಲನ್ನು ತಗ್ಗಿಸುತ್ತದೆ ಎಂಬ ಕಾರಣಕ್ಕೆ ಅಮೆರಿಕದ ಎಫ್‌ಡಿಎ 1997ರಲ್ಲಿ ಪೊಟ್ಟಣದ ಮೇಲೆ ಹಾಗೆ ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಆದರೆ ಷರತ್ತು ದಿನಕ್ಕೆ 3 ಗ್ರಾಂ ನಾರು, ಅದೂ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಿರುವ ಊಟದೊಂದಿಗೆ. ನಮ್ಮ ಒಂದು ತುಂಡಿನಲ್ಲಿರುವುದು ಸುಮಾರು ಅರ್ಧ ಗ್ರಾಂ. ಮದ್ದಿನ ಪ್ರಮಾಣ ಮುಟ್ಟಲು ಆರು ತುಂಡು ತಿನ್ನಬೇಕು. ಅಷ್ಟರಲ್ಲಿ 75 ಗ್ರಾಂ ಬೆಣ್ಣೆ, 1,500 ಕ್ಯಾಲೊರಿ ಒಳಗೆ ಹೋಗಿರುತ್ತದೆ. ಕಂದು ಸಕ್ಕರೆಯ ಜಾಗದಲ್ಲಿ ಬೆಲ್ಲ ಹಾಕಿದರೂ ಈ ಲೆಕ್ಕ ಹೆಚ್ಚೇನೂ ಬದಲಾಗದು, ಏಕೆಂದರೆ ಬೆಲ್ಲದ ಬಹುಭಾಗವೂ ಸುಕ್ರೋಸ್ ಎಂಬ ಅದೇ ಸಕ್ಕರೆ. ಔಷಧವೆಂದು ನೋಡಿದರೆ ಈ ಬಾರ್ ಸೋಲುತ್ತದೆ, ಸಿಹಿ ತಿಂಡಿಯೆಂದು ನೋಡಿದರೆ ಗೆಲ್ಲುತ್ತದೆ. ಹಾಗಿದ್ದೂ ಅದನ್ನು ಸೋಲುವ ಕಣದಲ್ಲೇ ನಿಲ್ಲಿಸುವ ಹಟ ನಮಗೇಕೆ?

ಈ ಹಟಕ್ಕೊಂದು ಚರಿತ್ರೆಯಿದೆ, ಅದು ಶುರುವಾಗುವುದು ಚರ್ಚಿನ ಸುತ್ತಮುತ್ತ. ಸಿಲ್ವೆಸ್ಟರ್ ಗ್ರಹಾಂ ಎಂಬ ಅಮೆರಿಕದ ಪ್ರೆಸ್ಬಿಟೇರಿಯನ್ ಪಾದ್ರಿ 1830ರ ದಶಕದಲ್ಲಿ ತವುಡು ತೆಗೆಯದ ಗೋಧಿಯ ರೊಟ್ಟಿಯನ್ನು ಬೋಧಿಸಿದ್ದು ಹೊಟ್ಟೆಯ ಹಿತಕ್ಕಾಗಿ ಮಾತ್ರವಲ್ಲ. ಮಾಂಸ, ಮಸಾಲೆಗಳು ಕಾಮವನ್ನು ಕೆರಳಿಸುತ್ತವೆ, ಸಪ್ಪೆ ಊಟ ಆತ್ಮವನ್ನು ಕಾಯುತ್ತದೆ ಎಂದು ಆತ ನಂಬಿದ್ದ. 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟರ ಎಲೆನ್ ವೈಟ್ ಆರೋಗ್ಯ ಸುಧಾರಣೆಯೂ ದೇವರ ಅಪ್ಪಣೆಯೇ ಎಂಬ ದರ್ಶನವಾಯಿತೆಂದು ಸಾರಿದರು. ಮೂರು ವರ್ಷಗಳ ಬಳಿಕ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಆ ಪಂಥದ ಆರೋಗ್ಯಧಾಮ ತೆರೆಯಿತು. 1876ರಲ್ಲಿ ಅದರ ಹೊಣೆ ಹೊತ್ತ ಡಾ. ಜಾನ್ ಹಾರ್ವೆ ಕೆಲಾಗ್ ಧಾನ್ಯಗಳನ್ನು ಬೇಯಿಸಿ, ಪುಡಿಮಾಡಿ 'ಗ್ರನೋಲಾ' ಎಂದು ಹೆಸರಿಟ್ಟ ಆಹಾರವನ್ನು ರೋಗಿಗಳಿಗೆ ಕೊಟ್ಟರು. ಆತನ ತಮ್ಮ ವಿಲ್ ಕೀತ್ ಕೆಲಾಗ್ 1906ರಲ್ಲಿ ಸ್ವಂತ ಕಂಪನಿ ಕಟ್ಟಿ ಮೆಕ್ಕೆಜೋಳದ ಅವಲಿಗೆ ಸಕ್ಕರೆ ಬೆರೆಸಿದಾಗ ಅಣ್ಣನಿಗೆ ಅದು ತತ್ತ್ವದ್ರೋಹವಾಗಿ ಕಂಡಿತು. ಮಾರುಕಟ್ಟೆಯಲ್ಲಿ ಗೆದ್ದದ್ದು ತಮ್ಮ. ಮಾತಿನಲ್ಲಿ ಉಳಿದದ್ದು ಅಣ್ಣನ ನೀತಿ. ಸಕ್ಕರೆ ಒಳಗೆ ಬಂತು, ಪುಣ್ಯದ ಹೆಸರು ಹೊರಗೆ ಹಾಗೆಯೇ ನಿಂತಿತು. ಇನ್ನೊಂದು ನಿದರ್ಶನ ಓಟ್ಸ್ ಡಬ್ಬಿಯ ಮೇಲೆಯೇ ಇದೆ. 1877ರಲ್ಲಿ ಒಹಾಯೊದ ಗಿರಣಿಯವರು ಕ್ವೇಕರ್ ಉಡುಪಿನ ಮನುಷ್ಯನ ಚಿತ್ರವನ್ನು ಮುದ್ರೆಯಾಗಿ ನೋಂದಾಯಿಸಿದರು. ಕ್ವೇಕರ್ ಪಂಥಕ್ಕೂ ಆ ಓಟ್ಸಿಗೂ ಸಂಬಂಧವಿರಲಿಲ್ಲ. ಬೇಕಾಗಿದ್ದುದು ಆ ಪಂಥದವರ ಪ್ರಾಮಾಣಿಕತೆಯ ಖ್ಯಾತಿ ಮಾತ್ರ. ಮನೆಯ ಬಾರ್ ಜತೆ ಬರುವ ಸಮರ್ಥನೆ ಈ ವಂಶದ ಕುಡಿ.

ನೆಪದ ಈ ಮನೋವ್ಯಾಪಾರವನ್ನು ಎಲ್ಲರಿಗಿಂತ ಚೆನ್ನಾಗಿ ಕಂಡುಹಿಡಿದವನು, ಬೆರಗಾಗಬೇಕಾದ ಮಾತೆಂದರೆ, ಊಟವನ್ನು ಮದ್ದಿನಂತೆ ಸೇವಿಸಬೇಕೆಂದು ಹೇಳಿದ ಸಂತ ಆಗಸ್ಟೀನನೇ. 'ಕನ್ಫೆಶನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಆತ ತನ್ನ ಹಸಿವನ್ನೇ ವಿಚಾರಣೆಗೆ ಒಡ್ಡುತ್ತಾನೆ. ಹಸಿವಿನಿಂದ ತೃಪ್ತಿಗೆ ದಾಟುವ ದಾರಿಯಲ್ಲೇ ಸುಖ ಕಾದು ಕುಳಿತಿರುತ್ತದೆ, ಬೇರೆ ದಾರಿಯಿಲ್ಲ ಎಂಬುದು ಅವನ ಮೊದಲ ತೊಡಕು. ಎರಡನೆಯದು ಇನ್ನೂ ಸೂಕ್ಷ್ಮ: ಇನ್ನೊಂದು ತುತ್ತು ಕೇಳುತ್ತಿರುವುದು ದೇಹದ ಅಗತ್ಯವೋ ರುಚಿಯ ಆಸೆಯೋ ಎಂದು ಎಷ್ಟೋ ಸಲ ತಿಳಿಯುವುದಿಲ್ಲ; ಹಾಗೆ ತಿಳಿಯದಿರುವುದೇ ಮನಸ್ಸಿಗೆ ಖುಷಿ, ಏಕೆಂದರೆ ಆರೋಗ್ಯದ ಮರೆಯಲ್ಲಿ ಸುಖದ ವ್ಯವಹಾರವನ್ನು ಸಾಗಿಸಬಹುದು. ಹದಿನಾರು ಶತಮಾನ ಹಿಂದಿನ ಈ ಅವಲೋಕನ ಓಟ್ಸ್ ಬಾರಿಗೆ ಅಕ್ಷರಶಃ ಹೊಂದುತ್ತದೆ. ಆದರೆ ಆಗಸ್ಟೀನನ ರೋಗನಿದಾನವನ್ನು ಒಪ್ಪಿದವರು ಅವನ ಚಿಕಿತ್ಸೆಯನ್ನು ಒಪ್ಪಲೇಬೇಕೆಂದಿಲ್ಲ. ಅವನ ಲೆಕ್ಕದಲ್ಲಿ ಉಣ್ಣುವುದಕ್ಕೆ ನ್ಯಾಯವಾದ ಕಾರಣ ಆರೋಗ್ಯ ಒಂದೇ. ಹಾಗಾದ ಮೇಲೆ ಸುಖ ಕಳ್ಳದಾರಿ ಹಿಡಿಯದೆ ಇನ್ನೇನು ಮಾಡೀತು? ಮುಂಬಾಗಿಲು ಮುಚ್ಚಿದವರೇ ಅದನ್ನು ಹಿತ್ತಿಲಿಗೆ ಕಳಿಸಿದರು. ನೆಪವನ್ನು ಹುಟ್ಟಿಸಿದ್ದು ಸುಖವಲ್ಲ, ಸುಖದ ಮೇಲಿನ ನಿಷೇಧ.

ಮುಂಬಾಗಿಲನ್ನು ತೆರೆದಿಟ್ಟ ಚಿಂತನೆಗಳೂ ಇವೆ. ಅರಿಸ್ಟಾಟಲ್ ತನ್ನ 'ನಿಕೊಮೇಕಿಯನ್ ಎಥಿಕ್ಸ್'ನ ಮೂರನೆಯ ಭಾಗದಲ್ಲಿ ಸಂಯಮಿಯನ್ನು ವರ್ಣಿಸುವಾಗ, ಆರೋಗ್ಯಕ್ಕೆ ನೆರವಾಗುವ ಸುಖಗಳನ್ನು ಆತ ಹದವಾಗಿ ಬಯಸುತ್ತಾನೆ ಎನ್ನುತ್ತಾನೆ. ಅಲ್ಲಿಗೇ ನಿಲ್ಲದೆ, ಆರೋಗ್ಯಕ್ಕೆ ಅಡ್ಡಿಯಾಗದ, ಕೈಮೀರದ, ಸಭ್ಯತೆಗೆ ಕುಂದು ತಾರದ ಇತರ ಸುಖಗಳನ್ನೂ ಬಯಸುತ್ತಾನೆ ಎಂದು ಸೇರಿಸುತ್ತಾನೆ. ಉಪಯೋಗಕ್ಕೆ ಬಾರದ ಸುಖಕ್ಕೂ ಅಲ್ಲಿ ಹಕ್ಕಿನ ಜಾಗವಿದೆ. ಯಾವ ರುಚಿಯೂ ತಟ್ಟದ ಮನುಷ್ಯ ಸಿಗುವುದೇ ಅಪರೂಪ, ಸಿಕ್ಕರೂ ಅದು ಮನುಷ್ಯ ಸಹಜವಲ್ಲ ಎಂಬುದು ಅವನ ನಿಲುವು. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗ ದಕ್ಕದು ಎನ್ನುತ್ತದೆ. ಹದಿನೇಳನೆಯ ಅಧ್ಯಾಯ ಸಾತ್ವಿಕ ಆಹಾರದ ಲಕ್ಷಣಗಳನ್ನು ಹೇಳುವಾಗ ಆಯುಸ್ಸು, ಬಲ, ಆರೋಗ್ಯಗಳ ಸಾಲಿನಲ್ಲೇ ಸುಖವನ್ನೂ ಪ್ರೀತಿಯನ್ನೂ ಎಣಿಸುತ್ತದೆ; ರಸವತ್ತಾಗಿರುವುದು, ಜಿಡ್ಡುಳ್ಳದ್ದು, ಮನಸ್ಸಿಗೆ ಹಿತವಾಗಿರುವುದು ಅಲ್ಲಿ ಗುಣಗಳೇ. ಸಾತ್ವಿಕವೆಂದರೆ ಸಪ್ಪೆ ಎಂಬ ಇಂದಿನ ನಂಬಿಕೆಗೆ ಆ ಶ್ಲೋಕದಲ್ಲಿ ಆಧಾರವಿಲ್ಲ. ಸುಖವನ್ನು ಹೀಗೆ ಎದುರಿನಿಂದ ಒಳಗೆ ಕರೆದುಕೊಂಡರೆ ಅದಕ್ಕೆ ಅಳತೆ ಹಾಕುವುದು ಸುಲಭ. ಸಿಹಿ ಎಂದು ಒಪ್ಪಿಕೊಂಡದ್ದನ್ನು ಒಂದು ತುಂಡಿಗೆ ನಿಲ್ಲಿಸಬಹುದು. ಮದ್ದು ಎಂದು ಹೇಳಿಕೊಂಡದ್ದಕ್ಕೆ ನಿಲುಗಡೆಯ ಕಾರಣವೇ ಇರುವುದಿಲ್ಲ.

ಆರೋಗ್ಯದ ತಕ್ಕಡಿಯನ್ನು ಕೆಳಗಿಟ್ಟರೆ ಸಿಹಿಗೆ ನೀತಿಯ ಪ್ರಶ್ನೆಯೇ ಉಳಿಯುವುದಿಲ್ಲವೇ ಎಂದು ಕೇಳಬಹುದು. ಉಳಿಯುತ್ತದೆ, ಇನ್ನೂ ಗಟ್ಟಿಯಾಗಿ ಉಳಿಯುತ್ತದೆ. ಆದರೆ ಅದು ನನ್ನ ಸೊಂಟದ ಸುತ್ತಳತೆಯನ್ನು ಬಿಟ್ಟು ಇನ್ನೊಬ್ಬರತ್ತ ತಿರುಗುತ್ತದೆ. 1791ರಲ್ಲಿ ಬ್ರಿಟನ್ನಿನಲ್ಲಿ ವಿಲಿಯಂ ಫಾಕ್ಸ್ ಎಂಬಾತ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ತ್ಯಜಿಸಿರೆಂದು ಕರಪತ್ರ ಬರೆದ; ಕ್ವೇಕರರೂ ಸೇರಿದಂತೆ ಅನೇಕ ಕುಟುಂಬಗಳು ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟವು. ಕಾರಣ ಹಲ್ಲು, ಹೊಟ್ಟೆ ಯಾವುದೂ ಅಲ್ಲ. ಆ ಸಕ್ಕರೆ ಗುಲಾಮರ ದುಡಿಮೆಯದು ಎಂಬುದು. ಸಿಹಿಯ ಬಗ್ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಆ ಜನಕ್ಕೆ ಹೊಳೆದಿತ್ತು. ಗೀತೆಯ ಮೂರನೆಯ ಅಧ್ಯಾಯವೂ ದೋಷವನ್ನು ಹುಡುಕುವುದು ಪದಾರ್ಥದಲ್ಲಲ್ಲ, ತನಗಾಗಿ ಮಾತ್ರ ಬೇಯಿಸಿಕೊಳ್ಳುವ ನಡತೆಯಲ್ಲಿ. ಬ್ರಿಟನ್ನಿನಲ್ಲಿ ಓಟ್ಸ್, ಬೆಣ್ಣೆ ಮತ್ತು ಗೋಲ್ಡನ್ ಸಿರಪ್ ಸೇರಿಸಿ ಮಾಡುವ ಫ್ಲಾಪ್‌ಜ್ಯಾಕ್ ಎಂಬ ಬಾರಿನಲ್ಲಿ ಈ ಮಾತಿಗೆ ಅನಿರೀಕ್ಷಿತ ಸಾಕ್ಷಿಯಿದೆ. 1885ರಿಂದ ಡಬ್ಬಿಯಲ್ಲಿ ಬರುತ್ತಿರುವ ಅಬ್ರಾಂ ಲೈಲ್‌ನ ಸಿರಪ್ಪಿನ ಮೇಲೆ ಸತ್ತ ಸಿಂಹ, ಅದರ ಸುತ್ತ ಜೇನುನೊಣಗಳ ಚಿತ್ರ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಬರುವ ಸಂಸೋನನ ಕಥೆ ಅದು. ತಾನು ಕೊಂದ ಸಿಂಹದ ದೇಹದಲ್ಲಿ ಕಟ್ಟಿದ್ದ ಜೇನನ್ನು ಅವನು ತಿಂದ, ತಂದೆತಾಯಿಗೂ ಕೊಟ್ಟ. ಎಲ್ಲಿಂದ ತಂದೆನೆಂದು ಮಾತ್ರ ಹೇಳಲಿಲ್ಲ. ಹೆಣದ ಬಳಿ ಸುಳಿಯಬಾರದೆಂಬ ನಾಜೀರ ವ್ರತದವನು ಅವನು. ಹಂಚಿಕೊಂಡದ್ದು ಸರಿ, ಜೇನೂ ನಿಜವಾದ ಜೇನೇ. ತಪ್ಪಿದ್ದು ಮುಚ್ಚಿಟ್ಟ ಮೂಲದಲ್ಲಿ. ಸಿಹಿಯ ನೀತಿಗೆ ಹಂಚುವುದರ ಜತೆಗೆ ನಿಜ ಹೇಳುವುದೂ ಸೇರಿದೆ.

ಇಲ್ಲಿ ಕನ್ನಡ ಓದುಗರು ಒಂದು ತಕರಾರು ಎತ್ತಬಹುದು: ಪ್ರಸಾದವೂ ಹಾಗಾದರೆ ಒಂದು ನೆಪವಲ್ಲವೇ? ಪಂಚಕಜ್ಜಾಯವನ್ನು ದೇವರ ಹೆಸರಿನಲ್ಲಿ ಮೆಲ್ಲುವುದಕ್ಕೂ ಬಾರನ್ನು ನಾರಿನ ಹೆಸರಿನಲ್ಲಿ ಮೆಲ್ಲುವುದಕ್ಕೂ ಏನು ವ್ಯತ್ಯಾಸ? ಆಗಬಹುದು, ಪ್ರಸಾದವನ್ನೂ ನೆಪ ಮಾಡಿಕೊಳ್ಳುವವರಿದ್ದಾರೆ. ಆದರೆ ಪ್ರಸಾದದ ಪರಿಕಲ್ಪನೆ ತನ್ನ ಸಿಹಿಯ ಬಗ್ಗೆ ಸುಳ್ಳು ಹೇಳುವುದಿಲ್ಲ; ಕಡಲೆ, ಬೆಲ್ಲ, ಕಾಯಿ, ಎಳ್ಳು, ತುಪ್ಪ ಅದೇ ಆಗಿಯೇ ಉಳಿಯುತ್ತವೆ. ಶರಣರು ಅಷ್ಟಾವರಣಗಳಲ್ಲಿ ಪ್ರಸಾದವನ್ನು ಸೇರಿಸಿದಾಗ ಬದಲಾಗುತ್ತದೆ ಎಂದದ್ದು ಪದಾರ್ಥಕ್ಕೂ ಉಣ್ಣುವವನಿಗೂ ಇರುವ ಸಂಬಂಧ: ಅರ್ಪಿಸಿದ ಮೇಲೆ ಅದು ನನ್ನ ಗಳಿಕೆಯಲ್ಲ, ಪಡೆದದ್ದು, ಪಡೆದದ್ದನ್ನು ಬಚ್ಚಿಟ್ಟುಕೊಳ್ಳುವಂತಿಲ್ಲ, ಚೆಲ್ಲುವಂತಿಲ್ಲ, ದಾಸೋಹಕ್ಕೆ ತಪ್ಪಿಸುವಂತಿಲ್ಲ. ಆರೋಗ್ಯದ ನೆಪ ನಡೆಯುವುದು ಇದರ ಎದುರು ದಿಕ್ಕಿನಲ್ಲಿ. ಅದು ತಿನ್ನುವವನನ್ನು ತನ್ನ ರಕ್ತ, ತನ್ನ ತೂಕ, ತನ್ನ ಆಯುಸ್ಸಿನ ಲೆಕ್ಕದೊಳಗೇ ಕೂಡಿಹಾಕುತ್ತದೆ.

ಹೆಚ್ಚು ತೂಕದ ಆಕ್ಷೇಪ ಪ್ರಾಯೋಗಿಕವಾದದ್ದು. ನೆಪ ಸುಳ್ಳೇ ಇರಲಿ, ಕರಿದ ಸಿಹಿಯ ಬದಲು ಓಟ್ಸ್ ತಿಂದರೆ ಒಳ್ಳೆಯದೇ ಅಲ್ಲವೇ? ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟಿಸಿರುವಾಗ ಆರೋಗ್ಯದ ಮಾತನ್ನು ನೆಪವೆಂದು ತಳ್ಳಿಹಾಕುವುದು ಐಷಾರಾಮವಲ್ಲವೇ? ಓಟ್ಸ್ ಮೈದಾಕ್ಕಿಂತ ಮೇಲು, ಖರ್ಜೂರದಲ್ಲಿ ನಾರಿದೆ, ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮಧುಮೇಹಿಗೆ ಆರೋಗ್ಯ ನೆಪವಲ್ಲ, ಸ್ಥಿತಿ. ನಿಖರವಾದ ಸತ್ಯ ಎಲ್ಲರಿಗಿಂತ ಹೆಚ್ಚು ಬೇಕಿರುವುದು ಆತನಿಗೇ. 'ಬರೀ ಬೆಲ್ಲ, ತಿನ್ನಿ, ಏನೂ ಆಗಲ್ಲ' ಎಂಬ ಅಕ್ಕರೆಯ ಸುಳ್ಳು ಮೊದಲು ಕೆಡಿಸುವುದು ಅವನ ರಕ್ತದ ಸಕ್ಕರೆಯನ್ನೇ. 'ಇದು ಸಿಹಿ, ಒಂದು ತುಂಡಿನಲ್ಲಿ ಇಷ್ಟು ಸಕ್ಕರೆಯಿದೆ' ಎಂದು ಹೇಳಿ ಕೊಟ್ಟರೆ ಅರ್ಧ ಮುರಿದುಕೊಳ್ಳುವ, ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಸಿಗುತ್ತದೆ. ಒಳ್ಳೆಯ ಫಲಕ್ಕಾಗಿ ಸುಳ್ಳು ಹೇಳುವವರು ಮರೆಯುವುದು ಇದನ್ನೇ: ಅಳತೆಯ ತೀರ್ಮಾನ ತಿನ್ನುವವನದು, ಅದಕ್ಕೆ ಬೇಕಾದ ಮಾಹಿತಿಯನ್ನೇ ಸುಳ್ಳು ಕಸಿದುಕೊಳ್ಳುತ್ತದೆ.

ಕೊನೆಯ ಆಕ್ಷೇಪ ವಿರಕ್ತರದು. ಗಾಂಧೀಜಿ ಆಶ್ರಮದ ವ್ರತಗಳಲ್ಲಿ ಅಸ್ವಾದವನ್ನೂ ಇಟ್ಟರು. 1930ರಲ್ಲಿ ಯರವಡಾ ಜೈಲಿನಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ರುಚಿಯನ್ನು ಗಣಿಸದೆ ಮದ್ದಿನಂತೆ ಉಣ್ಣಬೇಕೆಂದು ವಿವರಿಸಿದರು. ನನ್ನ ವಾದಕ್ಕೆ ಇದು ನೇರ ವಿರೋಧದಂತೆ ಕಾಣುತ್ತದೆ. ಆದರೆ ಅಸ್ವಾದಿಯೂ ನೆಪದ ಶತ್ರುವೇ. ಆತ ರುಚಿಯನ್ನು ರುಚಿಯೆಂದೇ ಗುರುತಿಸಿ ಬಿಡುತ್ತಾನೆ. ಬೆಣ್ಣೆ ಸಕ್ಕರೆಯ ತಿಂಡಿಗೆ ಔಷಧದ ವೇಷ ಹಾಕುವುದಿಲ್ಲ. ಬಿಡುವವನಿಗೂ ಸವಿಯುವವನಿಗೂ ನಡುವೆ ಪ್ರಾಮಾಣಿಕವಾದ ಭಿನ್ನಾಭಿಪ್ರಾಯ ಸಾಧ್ಯ; ಬಿಟ್ಟಂತೆ ಮಾಡಿ ಸವಿಯುವವನೊಡನೆ ಅದೂ ಸಾಧ್ಯವಿಲ್ಲ. ಇನ್ನೂ ಒಂದು ಮಾತಿದೆ. ಅಸ್ವಾದ ಉಣ್ಣುವವನು ತನಗಾಗಿ ಹಿಡಿಯಬಹುದಾದ ವ್ರತ, ಬೇರೆಯವರಿಗೆ ಬೇಯಿಸುವವರ ಮೇಲೆ ಹೊರಿಸಲಾಗದ್ದು. ಇನ್ನೊಬ್ಬರ ನಾಲಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಡುಗೆ ವೈರಾಗ್ಯವಲ್ಲ, ಅಲಕ್ಷ್ಯ.

ಆದ್ದರಿಂದ ಬಾರ್ ಬೇಯಿಸುವವರಿಗೆ ಈ ವಾದದಿಂದ ಹುಟ್ಟುವ ಕರ್ತವ್ಯಗಳು ಕೆಲವೇ. ರುಚಿಗೆ ಬೇಕಾದಷ್ಟು ಬೆಣ್ಣೆ ಸಕ್ಕರೆ ಹಾಕಬೇಕು, ಹಾಕಿದ್ದನ್ನು ಹಾಕಿದೆ ಎನ್ನಬೇಕು, ತುಂಡು ಚಿಕ್ಕದಿರಬೇಕು, ಒಬ್ಬರೇ ಮುಗಿಸಬಾರದು. ನಾಲ್ಕರಲ್ಲಿ ಮೂರು ಕರ್ತವ್ಯಗಳು ಯಾವ ಸಿಹಿಗಾದರೂ ಮೊದಲಿಂದ ಇದ್ದವೇ. ಹೊಸದಾಗಿ ನೆನಪಿಸಬೇಕಾಗಿರುವುದು ನಿಜ ಹೇಳುವುದನ್ನು, ಏಕೆಂದರೆ ಹೋಳಿಗೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.