ಸತ್ತ ಮೀನು ಯಾರ ದೋಷ ಹೊತ್ತಿತು?

ಪ್ರಶ್ನೆ: ವಾಸ್ತು ನೋಡುವವರೊಬ್ಬರು ಹೇಳಿದಂತೆ ಹಾಲ್‌ನ ಈಶಾನ್ಯ ಮೂಲೆಯಲ್ಲಿ ಎರಡು ಅಡಿಯ ಅಕ್ವೇರಿಯಂ ಇಟ್ಟಿದ್ದೇವೆ. ಎಂಟು ಗೋಲ್ಡ್‌ಫಿಶ್, ಒಂದು ಕಪ್ಪು ಮೀನು. ಮೂರು ತಿಂಗಳಲ್ಲಿ ನಾಲ್ಕು ಸತ್ತವು. "ಮನೆಗೆ ಬರೋ ಕೆಡುಕನ್ನ ಅದೇ ತಗೊಂಡು ಹೋಯ್ತು, ಇನ್ನೊಂದು ತಂದು ಬಿಡಿ" ಅಂತಾರೆ ನಮ್ಮತ್ತೆ. "ಹಾಗಾದ್ರೆ ಸಾಯಲಿ ಅಂತಾನೇ ತರೋದಾ ಅಮ್ಮಾ?" ಅಂತ ಕೇಳ್ತಾನೆ ಹತ್ತು ವರ್ಷದ ಮಗ. ಮೀನು ಸತ್ತರೆ ಸೂತಕವುಂಟೇ? ತೊಟ್ಟಿಗೆ ತೀರ್ಥ ಹಾಕಬಹುದೇ? ಉಳಿದವನ್ನು ಕೆರೆಗೆ ಬಿಟ್ಟರೆ ಪುಣ್ಯವೇ? ಅಲಂಕಾರಕ್ಕೆ ಹವಳದ ತುಂಡು ಇಡಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಣ್ಣ ಪ್ರಶ್ನೆ ಮೊದಲು ಮುಗಿಸೋಣ. ಸೂತಕ ಇಲ್ಲ. ಅಶೌಚವೆಂಬುದು ಬಂಧುಗಳ ಜನನ ಮರಣಗಳಿಗೆ ಸಂಬಂಧಪಟ್ಟದ್ದು. ಸತ್ತ ಮೀನನ್ನು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಬೇಡಿ. ಕುಂಡದ ಮಣ್ಣಿನಲ್ಲಾದರೂ ಸರಿ, ಹೂತು ಕೈಕಾಲು ತೊಳೆದುಕೊಳ್ಳಿ. ಮಗನನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ದೇವರ ಪೂಜೆ ಎಂದಿನಂತೆ ನಡೆಯಲಿ.

ನಿಜವಾದ ಪ್ರಶ್ನೆ ಕೇಳಿದವನು ನಿಮ್ಮ ಮಗ.

ಅತ್ತೆಯವರ ಮಾತಿನ ಹಿಂದೆ ಮನೆಯವರಿಗೆ ಸಮಾಧಾನ ಹೇಳುವ ಮನಸ್ಸಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ನಮ್ಮ ದೋಷವನ್ನು ಹೊರುತ್ತೇನೆ ಅಂತ ಆ ಮೀನು ಯಾವಾಗ ಒಪ್ಪಿಕೊಂಡಿತು? ತನ್ನ ಇಷ್ಟದಿಂದ ಕೊಟ್ಟರೆ ತ್ಯಾಗ. ಬಾಯಿಲ್ಲದ ಜೀವದಿಂದ ನಾವೇ ಕಿತ್ತುಕೊಂಡರೆ ಅದಕ್ಕೆ ಬೇರೆ ಹೆಸರು. ಇನ್ನೊಂದು ತೊಂದರೆ: "ದೋಷ ಹೋಯ್ತು" ಅಂದುಕೊಂಡ ಕೂಡಲೇ ಮೀನು ಯಾಕೆ ಸತ್ತಿತು ಅಂತ ಯಾರೂ ಕೇಳುವುದಿಲ್ಲ. ಐದನೆಯದೂ ಅದೇ ಕಾರಣಕ್ಕೆ ಸಾಯುತ್ತದೆ. ಅಂದಹಾಗೆ, ಎಂಟು ಬಂಗಾರದ ಬಣ್ಣದವು, ಒಂದು ಕಪ್ಪು ಎಂಬ ಲೆಕ್ಕ ಚೀನಾದ ಫೆಂಗ್‌ಶುಯಿಯಿಂದ ಬಂದದ್ದು.

ಮೀನು ಸಾಕಿದವನ ಕಥೆ ನಮ್ಮಲ್ಲೇ ಇದೆ. ಶತಪಥ ಬ್ರಾಹ್ಮಣದಲ್ಲಿ, ಬೆಳಿಗ್ಗೆ ಕೈ ತೊಳೆಯುವ ನೀರಿನಲ್ಲಿ ಮನುವಿಗೆ ಒಂದು ಮರಿಮೀನು ಸಿಗುತ್ತದೆ. ದೊಡ್ಡ ಮೀನುಗಳು ತಿಂದುಬಿಡುತ್ತವೆ, ನನ್ನನ್ನು ಕಾಪಾಡು ಅಂತ ಬೇಡುತ್ತದೆ. ಮನು ಅದನ್ನು ಕೊಡದಲ್ಲಿಡುತ್ತಾನೆ. ಕೊಡ ಸಾಲದಾದಾಗ ಗುಂಡಿ ತೋಡುತ್ತಾನೆ, ಗುಂಡಿಯೂ ಸಾಲದಾದಾಗ ಸಮುದ್ರಕ್ಕೆ ಒಯ್ಯುತ್ತಾನೆ. ಭಾಗವತದಲ್ಲಿ ಸತ್ಯವ್ರತ ರಾಜನೂ ಹೀಗೇ, ಕಮಂಡಲುವಿನಿಂದ ಶುರುಮಾಡಿ ಕಡಲಿನವರೆಗೆ. ಇದು ಮತ್ಸ್ಯಾವತಾರದ ಕಥೆ ಅಂತ ಕೈಮುಗಿದು ಮುಂದೆ ಹೋಗುತ್ತೇವೆ. ಆದರೆ ಮೀನು ಬೆಳೆದಂತೆ ಪಾತ್ರೆಯನ್ನು ದೊಡ್ಡದು ಮಾಡುತ್ತಾ ಹೋದ ಅವರ ಕಷ್ಟವನ್ನು ಗಮನಿಸುವುದಿಲ್ಲ. ಪ್ರಳಯದಲ್ಲಿ ಆ ಮೀನು ಮನುವನ್ನು ಕಾಪಾಡಿತು, ನಿಜ. ಸತ್ತು ಕಾಪಾಡಲಿಲ್ಲ, ಬದುಕಿ, ಬೆಳೆದು ಕಾಪಾಡಿತು.

ಈಗ ನಿಮ್ಮ ತೊಟ್ಟಿಗೆ ಬನ್ನಿ. ಎರಡು ಅಡಿ ತೊಟ್ಟಿಯಲ್ಲಿ ಸುಮಾರು 60 ಲೀಟರ್ ನೀರು. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬಾಳುವ ಜೀವ. ಅಲ್ಲಿ ಎರಡಿದ್ದರೂ ಹೆಚ್ಚೇ, ನೀವಿಟ್ಟದ್ದು ಒಂಬತ್ತು. ಮೀನಿನ ಮಲಮೂತ್ರದಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಫಿಲ್ಟರಿನಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾ ಆ ವಿಷವನ್ನು ಕಳೆಯುತ್ತವೆ, ಆದರೆ ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗೃಹಪ್ರವೇಶದ ದಿನವೇ ತೊಟ್ಟಿ ತಂದು ಅಂದೇ ಮೀನು ಬಿಟ್ಟರೆ ಮೀನಿನ ಪಾಲಿಗೆ ಅದು ಕಟ್ಟಿ ಮುಗಿಯದ ಮನೆ. ನೀರು ಕೊಳಕಾಯಿತೆಂದು ಪೂರ್ತಿ ಚೆಲ್ಲಿ, ನಲ್ಲಿ ನೀರಿನಲ್ಲಿ ಫಿಲ್ಟರ್ ತಿಕ್ಕಿ ತೊಳೆದರೂ ತಪ್ಪೇ. ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ನಿಮ್ಮ ನಾಲ್ಕು ಮೀನುಗಳ ದೋಷ ಬಹುಶಃ ನೀರಿನಲ್ಲಿತ್ತು, ಮನೆಯಲ್ಲಲ್ಲ.

ತೀರ್ಥ ಬೇಡ. ತಾಮ್ರ ನಮಗೆ ಶುದ್ಧಿಯ ಲೋಹ, ಮೀನಿಗೆ ವಿಷ. ತಾಮ್ರದ ಪಾತ್ರೆಯ ನೀರು, ನಾಣ್ಯ, ಕುಂಕುಮ ಯಾವುದನ್ನೂ ಹಾಕಬೇಡಿ. ಅದಕ್ಕೆ ಒಗ್ಗುವುದೇ ಅದಕ್ಕೆ ನೈವೇದ್ಯ.

ಕೆರೆಗೂ ಬಿಡಬೇಡಿ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದವರು ಎಲ್ಲ ಮೀನಿಗೂ ಎಲ್ಲ ನೀರೂ ತವರು ಅಂದುಕೊಳ್ಳುತ್ತಾರೆ. ಅಲ್ಲಿಯವು ಆ ಹೊಳೆಯಲ್ಲೇ ಹುಟ್ಟಿದವು. ಅಂಗಡಿಯ ಮೀನು ಕೆರೆಯಲ್ಲಿ ಸತ್ತರೆ ಒಂದು ಜೀವ ಹೋಯಿತು, ಬದುಕಿದರೆ ಅಲ್ಲಿಯ ಮೀನುಗಳ ಅನ್ನಕ್ಕೆ ಕುತ್ತು. ತೊಟ್ಟಿಯ ಪಾಚಿ ತಿನ್ನುತ್ತೆ ಅಂತ ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ಕೆರೆಗಳನ್ನು ಸೇರಿ, ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ಭಾರ ಇಳಿಸಿಕೊಂಡದ್ದನ್ನು ಪುಣ್ಯವೆಂದು ಬರೆದುಕೊಳ್ಳಬಾರದು. ಹೆಚ್ಚಾದ ಮೀನನ್ನು ದೊಡ್ಡ ತೊಟ್ಟಿಯಿರುವ ಪರಿಚಯದವರಿಗೆ ಕೊಡಿ, ಇಲ್ಲವೇ ಅಂಗಡಿಗೇ ಮರಳಿಸಿ.

ಹವಳದ ತುಂಡು ಬೇಡವೇ ಬೇಡ. ಅದು ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಇಂಥ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಕಲ್ಲುಹವಳಗಳೂ ಸೇರಿವೆ. ನಮ್ಮ ಮನೆ ಚೆಂದ ಕಾಣಲಿ ಅಂತ ಇನ್ನೊಬ್ಬರ ಮನೆ ಮುರಿದು ತರುವುದು ಗೃಹಸ್ಥಧರ್ಮವಲ್ಲ. ನಾಲ್ಕು ನುಣುಪು ಕಲ್ಲು, ಒಂದು ಮಣ್ಣಿನ ಕುಡಿಕೆ ಸಾಕು.

ಕೊನೆಗೊಂದು ಮಾತು. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಕಾಗೆಗೆ, ಇರುವೆಗೆ ಅನ್ನ ಇಡುತ್ತೇವೆ. ಬಂದರೆ ತಿನ್ನುತ್ತವೆ, ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತವೆ. ತೊಟ್ಟಿಯ ಮೀನಿಗೆ ಆ ಬೇರೆ ಕಡೆಯೇ ಇಲ್ಲ. ಅದರ ಆಕಾಶ, ಹೊಳೆ, ಮಳೆ ಎಲ್ಲವೂ ನೀವೇ. ಆದ್ದರಿಂದ ಅದಕ್ಕೆ ಹಾಕುವ ಅನ್ನ ದಾನವಲ್ಲ, ದಿನದಿನವೂ ತೀರಿಸಬೇಕಾದ ಋಣ. ಮೀನು ಸಾಕುವುದೇ ಪಾಪ ಅಂತ ನಾನು ಹೇಳುವುದಿಲ್ಲ. ತೀರಿಸಲು ಆಗದಷ್ಟು ಋಣ ಮಾಡಿಕೊಳ್ಳಬೇಡಿ ಅಂತ ಹೇಳುತ್ತೇನೆ.

ಮಗನಿಗೆ ಹೀಗೆ ಹೇಳಿ: "ಇಲ್ಲ ಕಂದಾ, ಸಾಯಲಿ ಅಂತ ತರಲ್ಲ. ಇನ್ಮೇಲೆ ಎರಡೇ ಮೀನು, ಪ್ರತಿ ಭಾನುವಾರ ನೀರು ಬದಲಿಸೋದು ನಿನ್ನ ಕೆಲಸ, ಜೊತೆಗೆ ನಾನಿರ್ತೀನಿ." ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮನುವಿನ ಕಥೆಯನ್ನು ಅವರ ಬಾಯಿಂದಲೇ ಮೊಮ್ಮಗನಿಗೆ ಹೇಳಿಸಿ. ಶುಭವಾಗಲಿ.