ಅಂಬಲಿಯೊಳಗಿನ ಗುಳಿಗೆ

ಕಳೆದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಲಕ್ಷ್ಮೇಶ್ವರದ ಮನೆಯಲ್ಲಿದ್ದೆ. ಹೆಸರಿಗೆ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಬರೆಯುವುದು, ನಿಜವಾಗಿ ಆಯಿಯನ್ನು ನೋಡಿಕೊಳ್ಳುವುದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಬೆಟಗೇರಿಯ ನೇಕಾರರ ಮನೆಯ ಮಗಳು, ಎಂಬತ್ತು ದಾಟಿದಾಕೆ. ಬಹಳ ವರ್ಷಗಳಿಂದ ಬಿಪಿ ಇದೆ. ಹಳೆಯ ಗುಳಿಗೆ ಸಾಲದಾಗಿ ಡಾಕ್ಟರು ಹೊಸದೊಂದನ್ನು ಬರೆದುಕೊಟ್ಟಿದ್ದರು. ಎರಡು ವಾರ ನುಂಗಿದಳು, ಆಮೇಲೆ ಒಂದು ಮುಂಜಾನೆ ‘ಒಲ್ಲೆ’ ಅಂದಳು. ಮರುದಿನವೂ ಒಲ್ಲೆ. ಯಾಕೆ ಎಂದು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿದ್ದರೂ ಉತ್ತರಕ್ಕೆ ಕಾಯಲಿಲ್ಲ ಎಂಬುದು ಮಾತ್ರ ಖಾತ್ರಿ. ನಾಲ್ಕನೆಯ ದಿನ, ಅವಳದೇ ಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಗುಳಿಗೆಯನ್ನು ಪುಡಿ ಮಾಡಿ, ಬೆಲ್ಲ ಹಾಕಿದ ಅಂಬಲಿಯಲ್ಲಿ ಕಲಸಿ ಕುಡಿಸಿದೆ. ‘ಇವತ್ತ ಅಂಬಲಿ ಚಲೋ ಆಗೇತಿ’ ಅಂದಳು. ಗೆದ್ದೆ ಅಂದುಕೊಂಡೆ.

ಅರ್ಧ ತಾಸಿನಲ್ಲಿ ಅವಳ ಮುಖ ಕೆಂಪಾಯಿತು. ‘ಎದಿ ಡವಡವ ಅಂತೈತಿ ತಮ್ಮಾ’ ಎನ್ನುತ್ತಲೇ ಬಚ್ಚಲಿಗೆಂದು ಎದ್ದವಳು ಹೊಸ್ತಿಲ ಬಳಿ ಕುಸಿದುಬಿದ್ದಳು. ಎಲುಬು ಮುರಿಯಲಿಲ್ಲ. ಸೊಂಟಕ್ಕೆ ಪೆಟ್ಟಾಗಿ ಮೂರು ವಾರ ಹಾಸಿಗೆ ಹಿಡಿದಳು, ಅದರಲ್ಲಿ ಮೊದಲ ಆರು ದಿನ ಗದಗಿನ ಒಂದು ಆಸ್ಪತ್ರೆಯಲ್ಲಿ.

ವಾರ್ಡಿನ ಸಿಸ್ಟರ್ ಮೊದಲು ಕೇಳಿದ್ದೇ ‘ಗುಳಿಗಿ ಹೆಂಗ ಕೊಟ್ರಿ?’ ಎಂದು. ಹೇಳಿದೆ. ಅವರು ಬೈಯಲಿಲ್ಲ. ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಸರಿನ ಪಕ್ಕದ ಎರಡು ಅಕ್ಷರಗಳ ಮೇಲೆ ಉಗುರಿಟ್ಟು ತೋರಿಸಿದರು: ಎಸ್.ಆರ್. ನಿಧಾನವಾಗಿ ಔಷಧಿಯನ್ನು ಬಿಡುವ ಗುಳಿಗೆ ಎಂದರ್ಥ. ಇಂಥವನ್ನು ಪುಡಿ ಮಾಡಬಾರದು, ಅಗಿಯಲೂಬಾರದು.

ಆ ಔಷಧಿಯ ಹೆಸರು ನಿಫೆಡಿಪಿನ್. ರಕ್ತನಾಳದ ಗೋಡೆಯಲ್ಲಿ ಸಣ್ಣ ಸ್ನಾಯುಗಳಿವೆ. ಕ್ಯಾಲ್ಸಿಯಂ ಒಳಹೊಕ್ಕಾಗ ಅವು ಬಿಗಿಯುತ್ತವೆ. ಕ್ಯಾಲ್ಸಿಯಂ ಹೋಗುವ ಆ ದಾರಿಯನ್ನು ನಿಫೆಡಿಪಿನ್ ತಡೆಯುತ್ತದೆ. ಸ್ನಾಯು ಸಡಿಲಾಗಿ ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಕರುಳಿನಿಂದ ಹೀರಲ್ಪಟ್ಟ ಔಷಧಿ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿಯೇ ಸುಮಾರು ಅರ್ಧದಷ್ಟು ಒಡೆದುಹೋಗುತ್ತದೆ. ರಕ್ತಕ್ಕೆ ಸೇರಿದ್ದರಲ್ಲೂ ಸರಿಸುಮಾರು ಎರಡು ತಾಸಿಗೊಮ್ಮೆ ಅರ್ಧರ್ಧ ಕರಗುತ್ತಾ ಹೋಗುತ್ತದೆ. ಇಷ್ಟು ಬೇಗ ಮುಗಿದುಹೋಗುವುದನ್ನು ತಾಸುಗಟ್ಟಲೆ ಹಂಚಲೆಂದೇ ಗುಳಿಗೆಯನ್ನು ಹಾಗೆ ಕಟ್ಟಿರುತ್ತಾರೆ. ನಾನು ಕುಟ್ಟಾಣಿಯಲ್ಲಿ ಕುಟ್ಟಿದ್ದು ಆ ಕಟ್ಟಡವನ್ನು. ಒತ್ತಡ ಒಮ್ಮೆಲೇ ಕುಸಿದಾಗ ಹೃದಯ ಗಾಬರಿಯಾಗಿ ಓಡತೊಡಗುತ್ತದೆ, ಡವಡವ ಎಂದದ್ದು ಅದಕ್ಕೇ.

ನನಗೆ ಇದು ಗೊತ್ತಿರಬೇಕಿತ್ತು ಎನ್ನಲಾರೆ, ಆದರೆ ನಾಚಿಕೆಯಾಯಿತು. ನನ್ನ ಅಧ್ಯಯನ ಷಟ್ಪದಿಗಳ ಮೇಲೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಬರೆದ ಭಾಮಿನಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣಗಳು ನಡೆಯುತ್ತವೆ. ಆರು ಸಾಲಿಗೆ ಒಟ್ಟು 102 ಮಾತ್ರೆ. ಮಾತ್ರೆ ಎಂದರೆ ಅಳತೆ, ಕಾಲದ ಅಳತೆ. ಪುಸ್ತಕದ ಕನ್ನಡದಲ್ಲಿ ಗುಳಿಗೆಗೂ ಅದೇ ಹೆಸರು. ಐದು ವರ್ಷ ಮಾತ್ರೆ ಎಣಿಸಿದವನಿಗೆ ಕೈಯಲ್ಲಿದ್ದ ಮಾತ್ರೆಯೊಳಗೆ ಕಾಲವಿದೆ ಎಂದು ಹೊಳೆದಿರಲಿಲ್ಲ.

ಎರಡನೆಯ ರಾತ್ರಿ ಆಯಿ ಕೇಳಿದಳು: ‘ಅಂಬಲ್ಯಾಗ ಏನ್ ಹಾಕಿದ್ದಿ?’ ಸುಳ್ಳು ಹೇಳಲಾಗಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಎರಡು ದಿನ ನನ್ನ ಕೈಯಿಂದ ಏನನ್ನೂ ತಿನ್ನಲಿಲ್ಲ. ಗಂಜಿ ತಂದರೆ ಒಲ್ಲೆ, ಚಹಾ ತಂದರೆ ಒಲ್ಲೆ. ಬಿಸ್ಕಿಟ್ ಪುಡಿಕೆಯನ್ನು ಮಾತ್ರ ಇಸಿದುಕೊಂಡು, ನಡುಗುವ ಬೆರಳಿನಿಂದ ತಾನೇ ಹರಿದು, ನೀರಲ್ಲಿ ಅದ್ದಿ ತಿಂದಳು. ನಾನು ತೆರೆದುಕೊಟ್ಟಿದ್ದರೆ ಅದನ್ನೂ ಮುಟ್ಟುತ್ತಿರಲಿಲ್ಲ.

ಆಗ ನನಗೆ ಎರಡು ತಪ್ಪುಗಳು ಬೇರೆಬೇರೆಯಾಗಿ ಕಂಡವು. ಗುಳಿಗೆಯನ್ನು ಪುಡಿ ಮಾಡಿದ್ದು ಒಂದು. ಹೇಳದೆ ಕೊಟ್ಟಿದ್ದು ಇನ್ನೊಂದು. ಮೊದಲನೆಯದು ಗೊತ್ತಿಲ್ಲದೆ ಆದದ್ದು, ಸಲೈನು ಅದನ್ನು ಸರಿಮಾಡಿತು. ಅದು ಪುಡಿ ಮಾಡಬಹುದಾದ ಸಾಧಾರಣ ಗುಳಿಗೆಯಾಗಿದ್ದು, ಆಯಿ ಬೀಳದೆ, ಬಿಪಿ ಚೆಂದಾಗಿ ಇಳಿದಿದ್ದರೆ? ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ನಾನು ದಿನವೂ ಅಂಬಲಿ ಕಲಸುತ್ತಿದ್ದೆ. ಅದು ತಪ್ಪಾಗುತ್ತಿತ್ತೆ?

ಇಲ್ಲ ಎನ್ನುವವರ ವಾದ ಸಣ್ಣದಲ್ಲ. ಔಷಧಿ ನಮ್ಮ ಒಪ್ಪಿಗೆ ಕೇಳಿ ಕೆಲಸ ಮಾಡುವುದಿಲ್ಲ. ನಂಬಿದರೂ ಬಿಟ್ಟರೂ ನಿಫೆಡಿಪಿನ್ ನಾಳವನ್ನು ಹಿಗ್ಗಿಸುತ್ತದೆ. ಕೆಲಸ ಆಗುವುದು ಮುಖ್ಯವಾದರೆ ಕೇಳುವುದು ಬರೀ ಉಪಚಾರದ ಮಾತು. ಆದರೆ ಈ ವಾದ ಪೂರ್ತಿ ನಿಜವೂ ಅಲ್ಲ. ಇಟಲಿಯ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಒಂದು ಸಂಗತಿ ನೋಡಿದ್ದಾರೆ. ‘ಈಗ ನೋವಿನ ಔಷಧಿ ಕೊಡುತ್ತಿದ್ದೇವೆ’ ಎಂದು ಎದುರು ನಿಂತು ಕೊಟ್ಟಾಗ ಇಳಿಯುವಷ್ಟು ನೋವು, ಅದೇ ಔಷಧಿಯನ್ನು ರೋಗಿಗೆ ತಿಳಿಯದಂತೆ ಯಂತ್ರದ ಮೂಲಕ ಕೊಟ್ಟಾಗ ಇಳಿಯುವುದಿಲ್ಲ. ನೋವಿನ ವಿಷಯದಲ್ಲಾದರೂ, ಹೇಳಿ ಕೊಡುವುದು ಔಷಧಿಯದೇ ಒಂದು ಪಾಲು. ಬಿಪಿಗೂ ಇದು ಹಾಗೆಯೇ ಅನ್ವಯಿಸುತ್ತದೆಂದು ನಾನು ಎಳೆಯುವುದಿಲ್ಲ.

ಅಷ್ಟಕ್ಕೂ ನನ್ನನ್ನು ತಿದ್ದಿದ್ದು ಆ ಪ್ರಯೋಗವಲ್ಲ, ಸಿಸ್ಟರ್. ಎರಡು ತಾಸಿಗೊಮ್ಮೆ ಆಯಿಯ ಮಗ್ಗುಲು ಬದಲಿಸಬೇಕಿತ್ತು. ಒಂದೇ ಕಡೆ ಭಾರ ಬಿದ್ದರೆ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಹಾಸಿಗೆ ಹುಣ್ಣಾದರೆ ಬಹುಪಾಲು ಅದು ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಹೇಳಿದ್ದರು. ಸಿಸ್ಟರ್ ಪ್ರತಿ ಸಲವೂ ಮೊದಲು ಹೇಳುತ್ತಿದ್ದರು: ‘ಅಜ್ಜಿ, ಎಡಕ್ಕ ಹೊರಳಸ್ತೀನ್ರಿ.’ ಅಜ್ಜಿ ‘ಹೂಂ’ ಅಂದಮೇಲೆಯೇ ಕೈ ಹಾಕುವುದು. ನಿದ್ದೆಗಣ್ಣಿನಲ್ಲಿದ್ದರೂ ಹೇಳುತ್ತಿದ್ದರು. ಹಿಮ್ಮಡಿಯ ಕೆಳಗೆ ದಿಂಬಿಡುವಾಗ ಪಾದ ನೋಡಿ ಕೇಳಿದರು: ‘ಈ ಬಾವು ಯಾವಾಗಿಂದ ಐತ್ರಿ?’

‘ಆ ಹೊಸಾ ಗುಳಿಗಿ ಚಾಲೂ ಮಾಡಿದಾಗಿಂದ. ಚಪ್ಪಲಿ ಸೇರವಲ್ದು. ಹೇಳಿದ್ರ ಯಾರ್ ಕೇಳ್ತಾರ?’

ಕಾಲಿನ ಬಾವು ನಿಫೆಡಿಪಿನ್‌ನಂಥ ಔಷಧಿಗಳ ಹೆಸರಾಂತ ಅಡ್ಡಪರಿಣಾಮ. ರಕ್ತವನ್ನು ತರುವ ಸಣ್ಣ ನಾಳಗಳು ಹಿಗ್ಗುವಷ್ಟು ಮರಳಿ ಒಯ್ಯುವವು ಹಿಗ್ಗುವುದಿಲ್ಲ, ನೀರು ಪಾದದಲ್ಲಿ ಸೋರಿ ನಿಲ್ಲುತ್ತದೆ. ಡಾಕ್ಟರು ಔಷಧಿಯನ್ನು ಬದಲಿಸಿದರು. ನಾನು ಹಟ ಅಂದುಕೊಂಡಿದ್ದು ವರದಿಯಾಗಿತ್ತು. ಆ ಔಷಧಿಯ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವಳು ಅವಳೇ, ಏಕೆಂದರೆ ಅದು ಕೆಲಸ ಮಾಡುತ್ತಿದ್ದದ್ದು ಅವಳೊಳಗೆ. ನಾನು ಅಂಬಲಿಯಲ್ಲಿ ಮುಳುಗಿಸಿದ್ದು ಆ ವರದಿಯನ್ನು.

ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ ಅವಳ ಬಳಿ ಕಾರಣ ಇಲ್ಲದಿದ್ದರೆ? ಡಿಸ್ಚಾರ್ಜ್ ಆಗಿ ಮನೆಗೆ ಬಂದಮೇಲೆ ಆ ಪರೀಕ್ಷೆಯೂ ಬಂತು. ಶಿರಹಟ್ಟಿಯ ಸೋದರತ್ತೆ ನೋಡಲು ಬಂದಳು. ಮುಂಡರಗಿ ಕಡೆಯಿಂದ ತರಿಸಿದ ಕಪ್ಪತಗುಡ್ಡದ ಯಾವುದೋ ಬೇರಿನ ಪುಡಿ ತಂದಿದ್ದಳು. ಆಯಿ ಅದನ್ನು ಮರುಮಾತಿಲ್ಲದೆ ಬಾಯಿಗೆ ಹಾಕಿಕೊಳ್ಳಲು ಹೊರಟಳು. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದ ಬಗ್ಗೆ ನನಗೆ ಗೌರವವಿದೆ, ಆ ಗೌರವವೇ ಹೆದರಿಕೆಯನ್ನೂ ತರುತ್ತದೆ. ಬೇರು ಕೆಲಸ ಮಾಡುತ್ತದೆ ಎಂದಾದರೆ ಕೆಡುಕನ್ನೂ ಮಾಡಬಲ್ಲದು. ಸರ್ಪಗಂಧದ ಬೇರು ಬಿಪಿ ಇಳಿಸುವುದನ್ನು ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಬರೆದು ಜಗತ್ತಿಗೆ ತೋರಿಸಿದರು. ಅಂಥದೊಂದು ಬೇರು ಗುಳಿಗೆಯ ಜೊತೆ ಸೇರಿದರೆ ಆಯಿ ಮತ್ತೆ ಹೊಸ್ತಿಲ ಬಳಿ ಬೀಳಬಹುದು. ಇದು ಯಾವ ಬೇರೆಂದು ಅತ್ತೆಗೂ ಗೊತ್ತಿರಲಿಲ್ಲ. ಪುಡಿಯನ್ನು ಸುಮ್ಮನೆ ಬದಲಿಸಿಡಬಹುದಿತ್ತು, ಅರಿಶಿನ ತುಂಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೈ ತುರಿಸಿತು. ಬದಲಿಗೆ ಎದುರು ಕುಳಿತು, ಹೆದರಿಕೆ ಏನೆಂದು ಹೇಳಿದೆ. ಅತ್ತೆಗೆ ಸಿಟ್ಟು ಬಂತು. ಆಯಿ ಬಹಳ ಹೊತ್ತು ಸುಮ್ಮನಿದ್ದು, ‘ಡಾಕ್ಟರ್‌ಗೆ ತೋರ್ಸು, ಆಮ್ಯಾಲ ನೋಡೂಣು’ ಅಂದಳು. ಹಾಗೆ ಅನ್ನದೆ ಬಾಯಿಗೆ ಹಾಕಿಕೊಂಡಿದ್ದರೆ? ಕೈ ಹಿಡಿಯುತ್ತಿದ್ದೆ ಅನಿಸುತ್ತದೆ, ಆದರೆ ಕಾಣುವಂತೆ ಹಿಡಿಯುತ್ತಿದ್ದೆ. ಅವಳು ನನ್ನನ್ನು ಬೈಯಬಲ್ಲಳು, ಕೊಸರಿಕೊಳ್ಳಬಲ್ಲಳು. ಅಂಬಲಿಯಲ್ಲಿ ಕಲಸಿದ್ದರ ಜೊತೆ ಜಗಳಾಡಲು ಅವಳಿಗೆ ದಾರಿಯೇ ಇರಲಿಲ್ಲ.

ನರ್ಸಿಂಗ್ ಓದುವವರಿಗೆ ಮೊದಲೇ ಕಲಿಸುವ ಪಾಠ ‘ಫೈವ್ ರೈಟ್ಸ್’: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಸಿಸ್ಟರ್ ಬೆರಳು ಮಡಚಿ ಹೇಳಿ, ‘ಈಗ ಇನ್ನೂ ಸೇರಿಸ್ಯಾರ್ರಿ, ಒಲ್ಲೆ ಅನ್ನೂದೂ ಒಂದ್ ರೈಟು’ ಎಂದು ನಕ್ಕಿದ್ದರು. ಇಂಗ್ಲಿಷಿನ ಆ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಕನ್ನಡದಲ್ಲಿ ‘ಸರಿ’ ಬೇರೆ, ‘ಹಕ್ಕು’ ಬೇರೆ. ಸರಿ ಕೊಡುವವನ ಕಡೆಗಿದೆ, ಹಕ್ಕು ತೆಗೆದುಕೊಳ್ಳುವವರ ಕಡೆಗೆ. ಐದೂ ಸರಿಯಾಗಿದ್ದು ಹಕ್ಕು ಹೋಗಿರಬಹುದು.

ನಮ್ಮ ಓಣಿಯಲ್ಲಿ ಮರೆವಿನ ರೋಗದ ಅಜ್ಜರೊಬ್ಬರಿದ್ದಾರೆ. ಮಗನನ್ನೇ ಗುರುತು ಹಿಡಿಯುವುದಿಲ್ಲ. ಅವರ ಸೊಸೆ ಬಾಳೆಹಣ್ಣಿನಲ್ಲಿಟ್ಟು ಗುಳಿಗೆ ಕೊಡುತ್ತಾರೆ. ಅದನ್ನು ತಪ್ಪು ಎನ್ನುವ ಬಾಯಿ ನನಗಿಲ್ಲ. ಆದರೆ ಅವರು ಡಾಕ್ಟರನ್ನು ಕೇಳಿದ್ದಾರೆ, ಮನೆಯವರಿಗೆಲ್ಲ ಗೊತ್ತಿದೆ, ಮೊದಲು ಪ್ರತಿ ಸಲ ‘ಮಾವಾರ, ಗುಳಿಗಿ ತಗೋರಿ’ ಎಂದು ಒಮ್ಮೆ ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಅಡುಗೆಮನೆಯಲ್ಲಿ ಒಬ್ಬನೇ ನಿಂತು, ಬಾಗಿಲ ಕಡೆ ಒಂದು ಕಣ್ಣಿಟ್ಟು ಕುಟ್ಟಿದವನು ನಾನು.

ಹೊಸ ಗುಳಿಗೆಯಿಂದ ಪಾದದ ಬಾವು ಇಳಿದಿದೆ. ಕಳೆದ ವಾರ ಊರಿಗೆ ಹೋದಾಗ ಮುಂಜಾನೆ ಗುಳಿಗೆ, ನೀರು ಹಿಡಿದು ನಿಂತೆ. ‘ಇವತ್ತ ಒಲ್ಲೆ’ ಅಂದಳು. ಯಾಕೆ ಎಂದೆ. ‘ಸುಮ್ನ.’ ಕುಳಿತೆ. ಬಿಪಿ ನೋಡಿದೆ, ಹೆಚ್ಚೇ ಇತ್ತು, ಅವಳಿಗೂ ಅಂಕಿ ತೋರಿಸಿದೆ. ನೋಡಿ, ಕನ್ನಡಕ ತೆಗೆದಿಟ್ಟು, ‘ನಾಷ್ಟಾ ಆದ ಮ್ಯಾಲ ಕೇಳು’ ಅಂದಳು. ಅಂಬಲಿ ತಂದೆ. ಬಟ್ಟಲನ್ನು ಕೈಗೆ ತೆಗೆದುಕೊಂಡವಳು, ಮೊದಲು ಚಮಚದಿಂದ ತಳದವರೆಗೆ ಒಮ್ಮೆ ಕಲಕಿ ನೋಡಿದಳು.