ಔಷಧದಾನವೂ ಅಭಯದಾನವೂ

ಜೈನ ಸಿದ್ಧಾಂತವು ಸಂಸಾರಿ ಜೀವಿಗೆ ಹತ್ತು ಪ್ರಾಣಗಳನ್ನು ಎಣಿಸುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯು ಮತ್ತು ಶ್ವಾಸೋಚ್ಛ್ವಾಸ. ಕಣ್ಣು, ಕಿವಿ, ಮನಸ್ಸು ಯಾವುದೂ ಇಲ್ಲದ ಪರ್ಯಾಪ್ತ ಏಕೇಂದ್ರಿಯ ಜೀವಿಗೂ ಶ್ವಾಸೋಚ್ಛ್ವಾಸವೆಂಬ ಪ್ರಾಣ ಉಂಟು. ಆದುದರಿಂದ ಉಸಿರಿಗಾಗಿ ಪರಿತಪಿಸುವವನ ಸಂಕಟವನ್ನು ನೀಗಿಸುವುದಕ್ಕಿಂತ ಯೋಗ್ಯವಾದ ಔಷಧದಾನ ಬೇರೊಂದಿಲ್ಲವೆಂದು ತೋರುವುದು ಸಹಜ. ಆದರೆ ಶ್ರಾವಕನಿಗೆ ವಿಹಿತವಾದ ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ಒಬ್ಬನಿಗೆ ಔಷಧವಾದುದು ಇನ್ನೊಂದು ಜೀವಕ್ಕೆ ಭಯವಾಗುವುದಾದರೆ ಕರ್ತವ್ಯವೇನು?

ಒಂದು ಬಸದಿಯ ಆಡಳಿತ ಮಂಡಳಿಯ ಮುಂದೆ ಇಂಥದೊಂದು ಅರ್ಜಿ ಬಂದಿತೆಂದು ಭಾವಿಸಬಹುದು. ಮೂವತ್ತು ವರ್ಷ ಕಲ್ಲು ಕಡೆದ ಶಿಲ್ಪಿಯೊಬ್ಬನ ಶ್ವಾಸಕೋಶಗಳು ಕಲ್ಲಿನ ಧೂಳಿನಿಂದ ಜೀರ್ಣವಾಗಿವೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಆಕರಕೋಶಗಳ ಚುಚ್ಚುಮದ್ದಿನಿಂದ ಶ್ವಾಸಕೋಶ ಹೊಸತಾಗುವುದೆಂದು ಯಾರೋ ಭರವಸೆ ಕೊಟ್ಟಿದ್ದಾರೆ; ಅದಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಔಷಧದಾನದ ನಿಧಿಯಿಂದ ನೆರವಾಗಬೇಕೆಂದು ಅವನ ಮಗ ಪ್ರಾರ್ಥಿಸಿದ್ದಾನೆ. ಧರ್ಮದರ್ಶಿಗಳು ಅವನಿಗೆ ಏನು ಹೇಳಬೇಕು?

ಸ್ಟೆಮ್ ಸೆಲ್ ಎಂದು ವೈದ್ಯರು ಕರೆಯುವ ಆಕರಕೋಶವು ತನ್ನಂಥ ಕೋಶಗಳನ್ನೂ ಅಂಗಕ್ಕೆ ಬೇಕಾದ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲದು. ಶ್ವಾಸಕೋಶಕ್ಕೆ ಅದು ಅಪರಿಚಿತವಲ್ಲ. ಅಲ್ಲಿರುವ ಕೋಟ್ಯಂತರ ವಾಯುಚೀಲಗಳ ಗೋಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಮೊದಲನೆಯ ಬಗೆಯವು ತೆಳುವಾಗಿ ಹರಡಿಕೊಂಡು ಪ್ರಾಣವಾಯುವಿಗೆ ದಾರಿಯಾಗುತ್ತವೆ. ಎರಡನೆಯ ಬಗೆಯವು ವಾಯುಚೀಲ ಕುಸಿಯದಂತೆ ಕಾಯುವ ದ್ರವವನ್ನು ಸ್ರವಿಸುತ್ತವೆ; ಗೋಡೆಗೆ ಗಾಯವಾದಾಗ ವಿಭಜನೆ ಹೊಂದಿ ಮೊದಲನೆಯ ಬಗೆಯ ಕೋಶಗಳಾಗಿಯೂ ಮಾರ್ಪಡುತ್ತವೆ. ಹೊಗೆ, ಧೂಳು, ಸೋಂಕುಗಳು ಮತ್ತೆ ಮತ್ತೆ ಘಾಸಿ ಮಾಡಿದಾಗ ಈ ಸಹಜ ದುರಸ್ತಿ ಸೋಲುತ್ತದೆ. ಮೃದುವಾದ ಗೋಡೆಯ ಜಾಗದಲ್ಲಿ ಗಡುಸಾದ ಕಲೆ ಕಟ್ಟಿಕೊಳ್ಳುತ್ತದೆ. ಸೋತ ಶಕ್ತಿಯನ್ನು ಎಬ್ಬಿಸುವುದು ಅಥವಾ ಹೊರಗಿನಿಂದ ತುಂಬುವುದು ಸಂಶೋಧಕರ ಗುರಿ.

ಹೊರಗಿನಿಂದ ತುಂಬುವ ಕೋಶ ಎಲ್ಲಿಯದು ಎಂಬುದು ಧರ್ಮದ ಮೊದಲ ಪ್ರಶ್ನೆ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಕೆಲವೇ ದಿನಗಳ ಆ ಭ್ರೂಣ ಅದರಿಂದ ನಾಶವಾಗುತ್ತಿತ್ತು. ಕೃತ್ರಿಮ ಗರ್ಭಧಾರಣೆಯಲ್ಲಿ ಉಳಿದು ಹೇಗೂ ತ್ಯಾಜ್ಯವಾಗುವ ಭ್ರೂಣದಿಂದ ನಾಲ್ವರಿಗೆ ಉಪಕಾರವಾದರೆ ತಪ್ಪೇನು ಎಂಬುದು ಒಂದು ಪಕ್ಷ. ಅನೇಕಾಂತವಾದಿಯು ಈ ಮಾತನ್ನು ಕೇಳದೆ ತಳ್ಳಲಾರನು. ಆದರೂ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲೂ ಕರ್ಮಾಸ್ರವವಾಗುವುದೆಂದು ತಿಳಿದವನು, ತಾನು ಕೊಲ್ಲಲಿಲ್ಲವೆಂಬುದರಿಂದ ಮಾತ್ರ ಸಮಾಧಾನಪಡಲಾರನು. ನಾಶಕ್ಕೆಂದೇ ಭ್ರೂಣವನ್ನು ಸೃಷ್ಟಿಸುವುದಂತೂ ಸ್ಪಷ್ಟವಾದ ಸಂಕಲ್ಪೀ ಹಿಂಸೆ.

ಅನಂತರ ಬೇರೊಂದು ದಾರಿ ತೆರೆಯಿತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳನ್ನೂ 2007ರಲ್ಲಿ ವಯಸ್ಕ ಮನುಷ್ಯನ ಚರ್ಮದ ಕೋಶಗಳನ್ನೂ ನಾಲ್ಕು ಜೀನುಗಳ ಬಲದಿಂದ ಭ್ರೂಣಸದೃಶವಾದ ಆಕರಕೋಶಗಳಾಗಿ ಹಿಂದಿರುಗಿಸಿದರು. 2012ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಭ್ರೂಣಕೋಶಗಳ ಅಧ್ಯಯನದಿಂದ ದೊರೆತ ತಿಳಿವಳಿಕೆಯೂ ಈ ಸಾಧನೆಯ ಹಿಂದಿದೆ. ಅದನ್ನು ಮರೆಮಾಚುವುದು ಸತ್ಯವ್ರತಕ್ಕೆ ಒಪ್ಪದು. ಆದರೆ ಹಿಂಸೆ ಅನಿವಾರ್ಯವೆಂಬ ಮಾತಿಗೆ ಬೇಗನೆ ತಲೆಬಾಗಬಾರದೆಂಬ ಪಾಠವೂ ಅದರಲ್ಲಿದೆ.

ಮೂಕಪ್ರಾಣಿಗಳ ವಿಷಯದಲ್ಲಿಯೂ ಹೀಗೆಯೇ. ಶ್ವಾಸಕೋಶದ ಕಲೆಗಟ್ಟುವ ರೋಗವನ್ನು ಅಭ್ಯಸಿಸಲು ಬ್ಲಿಯೋಮೈಸಿನ್ ಎಂಬ ಔಷಧಿಯಿಂದ ಇಲಿಗಳ ಶ್ವಾಸಕೋಶವನ್ನು ಕೆಡಿಸುವುದು ರೂಢಿಯ ಪದ್ಧತಿ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾನವ ಕೋಶಗಳನ್ನು ಹೊತ್ತು ಉಸಿರಾಟದಂತೆ ಹಿಗ್ಗಿ ಕುಗ್ಗುವ ಪುಟ್ಟ ಚಿಪ್ಪನ್ನು ರಚಿಸಿದರು. ಆಕರಕೋಶಗಳಿಂದ ಬೆಳೆಸಿದ ಕಿರು ಅಂಗರೂಪಗಳೂ ಈಗ ಇಂಥ ಪರೀಕ್ಷೆಗೆ ಒದಗುತ್ತಿವೆ. ಭಾರತವು 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ ಇಂಥ ವಿಧಾನಗಳಿಗೆ ಅವಕಾಶವಿತ್ತಿತು. ಪ್ರಾಣಿಪ್ರಯೋಗ ಇನ್ನೂ ನಿಂತಿಲ್ಲ. ಆದರೆ ಆಕರಕೋಶವು ರೋಗಿಗೆ ಔಷಧವಾಗುವ ಮೊದಲೇ ಕೆಲವು ಇಲಿಗಳಿಗಾದರೂ ಅಭಯವಾಗಬಲ್ಲದು.

ಇನ್ನು ಉಳಿದುದು ಸತ್ಯದ ಪ್ರಶ್ನೆ. ದೀರ್ಘಕಾಲದ ಶ್ವಾಸನಾಳ ಅಡಚಣೆಯಿಂದ ಬಳಲುವ 62 ರೋಗಿಗಳಲ್ಲಿ, ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಅಪಾಯಕಾರಿಯಾಗಿ ಕಾಣಲಿಲ್ಲ. ಆದರೆ ಶ್ವಾಸಕೋಶದ ಸಾಮರ್ಥ್ಯವೂ ಹೆಚ್ಚಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು, ಕೆಲವು ರಕ್ತಸಂಬಂಧಿ ರೋಗಗಳನ್ನು ಬಿಟ್ಟು, ಆಕರಕೋಶಗಳ ಬಳಕೆ ಅನುಮತಿ ಪಡೆದ ಪ್ರಯೋಗದ ಎಲ್ಲೆಯಲ್ಲಿ ಮಾತ್ರ ನಡೆಯಬೇಕೆಂದು ವಿಧಿಸಿತು. ಕಲ್ಲುಧೂಳಿನ ರೋಗದಲ್ಲಿಯಂತೂ ಸಿಲಿಕಾ ಕಣಗಳು ಒಳಗೇ ಉಳಿದು ಉರಿಯೂತವನ್ನು ಮುಂದುವರಿಸುತ್ತವೆ. ಹೀಗಿರುವಾಗ ಹೊಸ ಶ್ವಾಸಕೋಶದ ಆಸೆಯನ್ನು ಲಕ್ಷಗಟ್ಟಲೆಗೆ ಮಾರುವವನು ಅಸತ್ಯದೊಡನೆ ಅದತ್ತಾದಾನವನ್ನೂ ಆಚರಿಸುತ್ತಾನೆ. ಅದಕ್ಕೆ ನಿಧಿಯನ್ನು ತೆರೆಯುವುದು ಔಷಧದಾನವಾಗದು. ನಿಜಸ್ಥಿತಿಯನ್ನು ಮಗನ ಪಕ್ಕದಲ್ಲಿ ಕುಳಿತು ತಿಳಿಯಹೇಳುವುದೇ ಆ ಗಳಿಗೆಯ ಶಾಸ್ತ್ರದಾನ.

ಆದರೆ ತಿಳಿಯಹೇಳಿ ಬರಿಗೈಯಲ್ಲಿ ಕಳುಹಿಸುವುದು ದಯೆಯಲ್ಲ. ಮನೆಯಲ್ಲಿ ಆಮ್ಲಜನಕದ ಯಂತ್ರ, ನುರಿತವರಿಂದ ಉಸಿರಾಟದ ವ್ಯಾಯಾಮ, ಕ್ಷಯದ ತಪಾಸಣೆ, ಸೋಂಕು ತಡೆಯುವ ಲಸಿಕೆ, ಕುಟುಂಬಕ್ಕೆ ಆಹಾರ: ಇವು ಆಯುಷ್ಯವನ್ನು ಹೊಸದು ಮಾಡದಿದ್ದರೂ ಉಳಿದ ಉಸಿರನ್ನು ಸಹ್ಯವಾಗಿಸುತ್ತವೆ.

ಆ ಶಿಲ್ಪಿ ಕಡೆದ ಕಲ್ಲುಗಳಲ್ಲಿ ಆ ಬಸದಿಯ ಮಾನಸ್ತಂಭದ್ದೂ ಇದ್ದಿರಬಹುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿಟ್ಟರು. ಯಂತ್ರದಿಂದ ಕಲ್ಲು ಕೊಯ್ಯುವಾಗ ನೀರು ಹಾಯಿಸಿದರೆ, ಧೂಳನ್ನು ಹೀರುವ ಸಾಧನವಿದ್ದರೆ, ಮೂಗಿಗೆ ಸರಿಯಾದ ಮುಸುಕು ಇದ್ದರೆ ಈ ರೋಗವನ್ನು ಬಹುಮಟ್ಟಿಗೆ ತಡೆಯಬಹುದು. ಭ್ರೂಣದ ಜೀವವನ್ನೂ ಇಲಿಯ ಜೀವವನ್ನೂ ಕುರಿತು ಸೂಕ್ಷ್ಮವಾಗಿ ಚಿಂತಿಸುವ ಸಮಾಜವು ತನ್ನ ಪ್ರಾಂಗಣದಲ್ಲೇ ಏಳುವ ಧೂಳನ್ನು ಕಾಣದೆ ಹೋಗಬಾರದು. ಮುಂದಿನ ಜೀರ್ಣೋದ್ಧಾರದ ಕರಾರುಪತ್ರದಲ್ಲಿ ಕಲ್ಲಿನ ಅಳತೆ, ದರಗಳ ಜೊತೆಗೆ ಈ ಮೂರು ಏರ್ಪಾಟುಗಳನ್ನೂ ಬರೆಯಿಸುವುದು ಧರ್ಮದರ್ಶಿಗಳ ಕೈಯಲ್ಲೇ ಇದೆ. ಔಷಧದಾನ ಮತ್ತು ಅಭಯದಾನಗಳೆರಡೂ ಅಲ್ಲಿ ಒಂದೇ ಆಗುತ್ತವೆ.